ಕುರ್ಚಿ ಇಲ್ಲದ ಮೀಟಿಂಗು

ನಮ್ಮ ಸೀಮೆಯಲ್ಲಿ ಬಾಗಿಲಿಗೆ ಬಂದವನು ಹೆಣ್ಣು ಕೇಳಲು ಬಂದಿರಲಿ, ಬದುವಿನ ಜಗಳಕ್ಕೆ ಬಂದಿರಲಿ, ಮೊದಲು ಅವನಿಗೆ ‘ಕುಂದ್ರಿ’ ಅನ್ನಬೇಕು. ಜಗಳವಿದ್ದರೂ ಅದು ಕುಳಿತ ಮೇಲೆಯೇ ಶುರುವಾಗುತ್ತದೆ. ಅಷ್ಟರಲ್ಲಿ ಒಳಗಿನಿಂದ ನೀರಿನ ತಂಬಿಗೆ ಬರುತ್ತದೆ, ಬೆಲ್ಲದ ಚೂರು ಬರುತ್ತದೆ, ಬಂದವನ ಸಿಟ್ಟು ಅರ್ಧ ಇಳಿದಿರುತ್ತದೆ. ಹಿರೇಕೆರೂರಿನ ಬೀಜದ ಕಂಪನಿಯ ಆಫೀಸಿನಲ್ಲಿ ಈ ಪದ್ಧತಿಗೆ ಮಂಗಳ ಹಾಡಿದವಳು ವಿದ್ಯಾ. ಮಾಸೂರಿನ ಹುಡುಗಿ, ಕೃಷಿ ಡಿಪ್ಲೊಮಾ ಓದಿದವಳು, ರೈತರಿಂದ ಬೀಜದ ಬೆಳೆ ಮಾಡಿಸುವ ಕೆಲಸದವಳು.

ಹುಬ್ಬಳ್ಳಿಯಲ್ಲಿ ಒಂದು ತರಬೇತಿ ಮುಗಿಸಿ ಬಂದ ಮರುದಿನವೇ ಆಕೆ ಮೀಟಿಂಗ್ ಕೋಣೆಯ ಕುರ್ಚಿಗಳನ್ನೆಲ್ಲ ಗೋದಾಮಿಗೆ ಹೊರಿಸಿದಳು. ನಿಂತು ಮಾತಾಡಿದರೆ ಮೀಟಿಂಗ್ ಬೇಗ ಮುಗಿಯುತ್ತದೆ, ಕಾಲು ನೋಯುತ್ತಿರುವವನು ಊರ ಸುದ್ದಿ ತೆಗೆಯುವುದಿಲ್ಲ. ಅಲ್ಲಿ ಹೇಳಿಕೊಟ್ಟದ್ದು ಇಷ್ಟೇ, ಮತ್ತು ಅದು ಸುಳ್ಳೇನೂ ಅಲ್ಲ. ಅದುವರೆಗೆ ಸೋಮವಾರದ ಮೀಟಿಂಗ್ ಎಂದರೆ ಮಂಡಕ್ಕಿ, ಮಿರ್ಚಿ, ಮೇಲಿಂದ ಮೇಲೆ ಚಹಾ. ಯಾವ ಊರಿಗೆ ಯಾವ ಬೀಜ ಹೋಗಬೇಕು ಎಂಬುದೊಂದನ್ನು ಬಿಟ್ಟು ಪ್ರಪಂಚದ ಉಳಿದೆಲ್ಲ ವಿಷಯ ಅಲ್ಲಿ ತೀರ್ಮಾನವಾಗುತ್ತಿತ್ತು. ಈಗ ಚಹಾ ಆರುವುದರೊಳಗೆ ಮುಗಿಯತೊಡಗಿತು. ಯಾರು ಏನು ಮಾಡಬೇಕು, ಎಂದಿಗೆ ಮುಗಿಸಬೇಕು, ಮುಗಿಯದಿದ್ದರೆ ಯಾಕೆ ಮುಗಿದಿಲ್ಲ. ಇಷ್ಟಾದರೆ ಹೊರಡಬಹುದು.

ಮ್ಯಾನೇಜರ್ ಶ್ರೀರಾಮ ಸಾಹೇಬರು ಸವಣೂರಿನವರು. ಮನೆತನದಲ್ಲಿ ಪಂಡಿತರಾಗಿ ಹೋದವರು ಬಹಳ ಮಂದಿ, ಇವರ ಪಾಲಿಗೆ ಬಂದದ್ದು ಆ ಪಾಂಡಿತ್ಯದ ಸಂಕೋಚ ಮಾತ್ರ. ಯಾರಿಗೂ ಒಲ್ಲೆ ಎನ್ನಲು ಗೊತ್ತಿಲ್ಲದ ಮನುಷ್ಯ. ಕುರ್ಚಿಗಳು ಹೋದದ್ದು ಅವರಿಗೆ ಒಳಗೊಳಗೇ ಕಸಿವಿಸಿ, ಮೀಟಿಂಗ್ ಬೇಗ ಮುಗಿಯುವುದು ಖುಷಿ. ಎರಡನ್ನೂ ನುಂಗಿಕೊಂಡು ಅವರೂ ಎಲ್ಲರ ಜೊತೆ ಕೈಕಟ್ಟಿ ನಿಂತರು.

ಶಿಗ್ಗಾಂವಿಯ ಕೆಲಸ ನೋಡುವ ನಸೀರಾ ಆಗ ತುಂಬಿದ ಬಸುರಿ. ಬಸ್ಸಿನಲ್ಲಿ ಅಲ್ಲಾಡಿಕೊಂಡು ಬಂದು, ಮೀಟಿಂಗಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಒಂದು ಸೋಮವಾರ ವಿದ್ಯಾ ಮಾತಿನ ನಡುವೆ ನಿಲ್ಲಿಸಿ ಅವಳ ಕಡೆ ತಿರುಗಿದಳು.

“ನಸೀರಾ ಅವರ, ಗ್ವಾಡಿ ಬಿಟ್ಟು ನಿಂದರ್ರಿ. ಆತುಕೊಂಡ್ರ ಅದು ಕುಂತಂಗ.”

“ಸೊಂಟ ಹಿಡಕೊಂಡೈತ್ರಿ.”

“ಹಂಗಾರ ನಿಮ್ಮ ರಿಪೋರ್ಟ್ ಜಲ್ದಿ ಹೇಳಿ ಮುಗಸ್ರಿ. ನಿಮಗೂ ಚಲೋ, ನಮಗೂ ಚಲೋ.”

ಕೆಲವರು ನಕ್ಕರು. ಅವರ ಕಾಲೂ ನೋಯುತ್ತಿದ್ದವು, ಆದರೆ ಇನ್ನೊಬ್ಬರಿಗೆ ಹೆಚ್ಚು ನೋಯುತ್ತಿದೆ ಎಂಬುದು ಕೆಲವರಿಗೆ ಔಷಧವಿದ್ದ ಹಾಗೆ. ನಸೀರಾ ಗೋಡೆ ಬಿಟ್ಟು, ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಂತಳು. ಗೋದಾಮಿನ ವಸೀಮ, ಕಂಪನಿಯ ಜೀಪನ್ನೂ ಅವನೇ ಓಡಿಸುವುದು, ಬಾಗಿಲಲ್ಲಿ ನಿಂತು ನೋಡಿದ. ವಿದ್ಯಾಳಿಗೆ ಮಾತ್ರ ತಾನು ಸರಿಯಾದದ್ದನ್ನು, ಸರಿಯಾದ ಸಮಯಕ್ಕೆ, ಎಲ್ಲರ ಎದುರಿಗೆ ಹೇಳಿದೆ ಎನಿಸಿ ಎದೆ ಹಗುರಾಯಿತು.

ಕುರ್ಚಿ ಇಲ್ಲದ ಮೀಟಿಂಗಿನ ಸುದ್ದಿ ಹುಬ್ಬಳ್ಳಿಯ ದೊಡ್ಡ ಆಫೀಸಿಗೆ ಮುಟ್ಟಿತು. ಅಲ್ಲಿಂದ ಮೇಲಧಿಕಾರಿ ವೇದಾ ಮೇಡಂ ಅದನ್ನು ಕಣ್ಣಾರೆ ನೋಡಲು ಬರುತ್ತಾರೆಂದು ಪತ್ರ ಬಂತು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿಗೆ ಒಬ್ಬ ಕೋಆರ್ಡಿನೇಟರನ್ನು ನೇಮಿಸುವ ಮಾತು ಬಹಳ ದಿನದಿಂದ ಇತ್ತು. ಮೇಡಂ ಒಪ್ಪಿದರೆ ಆ ಜಾಗ ವಿದ್ಯಾಳದು. ಅದಕ್ಕೊಂದು ಬೇರೆ ಕೋಣೆ, ಕೋಣೆಯಲ್ಲಿ ಗಿರಗಿರ ತಿರುಗುವ ಕುರ್ಚಿ. ಹೊಲಕ್ಕೆ ಹೋದರೆ ರೈತರು ‘ಏ ತಂಗೀ’ ಎನ್ನದೆ ‘ಮೇಡಂ’ ಎನ್ನುವ ಅಧಿಕಾರ. ವಿದ್ಯಾ ಅದನ್ನು ಎಷ್ಟು ಬಯಸಿದ್ದಳೆಂದರೆ ಅನ್ನ ಉಣ್ಣುವಾಗಲೂ ಅದೇ ನೆನಪು, ಉಂಡದ್ದು ಏನೆಂದು ಮರೆತುಹೋಗುತ್ತಿತ್ತು.

ಮೇಡಂ ಬರುವ ದಿನವೇ ಮಾಸೂರಿನ ರೈತರ ಜೊತೆ ಮೀಟಿಂಗ್ ಇಡುವುದೆಂದಾಯಿತು. ಮದಗದ ಕೆರೆಯ ನೀರು ಹಾಯುವ ಹೊಲಗಳಲ್ಲಿ ಆ ಹಂಗಾಮಿಗೆ ಬೆಂಡಿಯ ಸೀಡ್ಸ್ ಪ್ಲಾಟ್ ಮಾಡಿಸುವ ಯೋಜನೆ ಇತ್ತು. ಬೀಜದ ಬೆಳೆಗೆ ಒಂದು ಕಟ್ಟುನಿಟ್ಟು ಇದೆ. ಹತ್ತಿರದಲ್ಲಿ ಬೇರೆ ಜಾತಿಯ ಬೆಂಡಿ ಇರಬಾರದು. ಇದ್ದರೆ ಜೇನು ಆ ಹೂವಿನಿಂದ ಈ ಹೂವಿಗೆ ಹಾರಿ ಬೀಜ ಕಲಬೆರಕೆಯಾಗುತ್ತದೆ, ಇಡೀ ಪ್ಲಾಟೇ ಹಾಳು. ಹಾಗಾಗಿ ಸುತ್ತಲಿನವರೆಲ್ಲ ಒಪ್ಪಿದರೂ ನಟ್ಟನಡುವಿನ ಹೊಲದವನು ಒಲ್ಲೆ ಎಂದರೆ ಕೆಲಸ ನಿಂತಿತು. ಆ ನಟ್ಟನಡುವಿನ ಹೊಲ ಪರಮೇಶಪ್ಪನದು. ಅವನು ಪ್ರತಿ ವರ್ಷ ತನ್ನ ಅವ್ವನ ಕಾಲದ ಜವಾರಿ ಬೆಂಡಿ ಹಾಕುವವನು. ಮತ್ತು ಅವನು ವಿದ್ಯಾಳ ದೊಡ್ಡಪ್ಪ.

ಬರೀ ದೊಡ್ಡಪ್ಪನಲ್ಲ. ಹೆತ್ತವರು ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ಅವಳನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದವನು. ಡಿಪ್ಲೊಮಾ ಓದಿಸಿದವನೂ ಅವನೇ. ಅವನ ಹೆಂಡತಿ ಚೌಡವ್ವ ತನ್ನ ಮಗ ಹುಲಗೇಶನಿಗೆ ಕೊಡುವ ಮೊದಲು ಇವಳ ತಟ್ಟೆಗೆ ರೊಟ್ಟಿ ಹಾಕಿದವಳು. ಆಫೀಸಿನಲ್ಲಿ ಅವಳ ಊರಾಗಲಿ ಈ ಸಂಬಂಧವಾಗಲಿ ಯಾರಿಗೂ ಗೊತ್ತಿರಲಿಲ್ಲ. ವಿದ್ಯಾ ಹೇಳಿರಲಿಲ್ಲ. ಗೊತ್ತಾದರೆ, ‘ಮನೆಯವರನ್ನು ಒಪ್ಪಿಸಿದ್ದೇನು ದೊಡ್ಡ ಮಾತು’ ಎನ್ನುತ್ತಾರೆ ಎಂಬ ಲೆಕ್ಕ ಅವಳದು. ಮಾಸೂರಿನಲ್ಲೊಬ್ಬ ಹಟಮಾರಿ ರೈತನಿದ್ದಾನೆ, ಸಂಬಂಧವಿಲ್ಲ, ಪರಿಚಯವಿಲ್ಲ, ಅವನನ್ನೂ ಒಪ್ಪಿಸಿ ಕರೆತರುತ್ತೇನೆ ಎಂದು ಫೋನಿನಲ್ಲಿ ಮೇಡಂಗೆ ಹೇಳಿಬಿಟ್ಟಿದ್ದಳು.

ಭಾನುವಾರ ಊರಿಗೆ ಹೋದಳು. ಪಡಸಾಲೆಯ ಕಂಬದ ಬುಡದಲ್ಲಿ ಅವಳದೊಂದು ಜಾಗವಿತ್ತು. ಚಿಕ್ಕವಳಿದ್ದಾಗ ಅಲ್ಲೇ ಕುಳಿತು ಪಾಠ ಓದಿದ್ದು, ಅಲ್ಲೇ ನಿದ್ದೆ ಹೋದದ್ದು. ಆ ಮನೆಯಲ್ಲಿ ಅವಳಿಗೆ ಯಾರೂ ‘ಕುಂದ್ರು’ ಎನ್ನಬೇಕಾಗಿರಲಿಲ್ಲ, ಆದರೂ ಚೌಡವ್ವ ನೆಲವನ್ನು ಅಂಗೈಯಿಂದ ಒರೆಸಿ, “ಬಾ ನನ್ನವ್ವಾ, ಕುಂದ್ರು,” ಎಂದೇ ಎನ್ನುತ್ತಿದ್ದಳು. ಅಂದೂ ಅಂದಳು. ಪರಮೇಶಪ್ಪ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದ. ಬದುವಿನ ಮೇಲೆ ಜಾರಿ ಬಿದ್ದು ಮೊಳಕಾಲು ಊದಿಕೊಂಡಿತ್ತು, ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದ್ದರು.

“ಈ ಒಂದು ಹಂಗಾಮ ನಿನ್ನ ಜವಾರಿ ಬೆಂಡಿ ಹಾಕಬ್ಯಾಡ ದೊಡ್ಡಪ್ಪಾ. ನನ್ನ ಸಲುವಾಗಿ,” ಎಂದಳು ವಿದ್ಯಾ.

ಪರಮೇಶಪ್ಪ ಬಹಳ ಹೊತ್ತು ಅಡುಗೆಮನೆಯ ಕಡೆ ನೋಡಿದ. ಒಲೆಯ ಮೇಲಿನ ಹೊಗೆಯಲ್ಲಿ ಬೀಜಕ್ಕೆಂದು ಇಟ್ಟ ಒಣಗಾಯಿಗಳ ಗೊಂಚಲು ತೂಗುತ್ತಿತ್ತು.

“ಒಂದು ವರ್ಷ ಹಾಕದಿದ್ರ ಬೀಜ ಮುಗ್ಗತೈತಿ, ಮುಂದಿನ ವರ್ಷ ಹುಟ್ಟತೈತೊ ಇಲ್ಲೊ. ಕಂಪನ್ಯಾವರು ಕೇಳಿದ್ರ ಬಾಗಲಾ ದಾಟಾಕ ಬಿಡತಿದ್ದಿಲ್ಲ. ನೀ ಕೇಳಾಕತ್ತಿ. ಆತು, ಬಿಟ್ಟೇನಿ.”

“ಆಫೀಸಿಗೆ ಬಂದು ಎಲ್ಲಾರ ಮುಂದ ಹೇಳಬೇಕಾಕೈತಿ.”

“ಬರ್ತೇನಿ ತಗೊ. ನಮ್ಮ ಹುಡುಗಿ ಆಫೀಸ ಎಂಥಾದೈತಿ ನೋಡಿದಂಗೂ ಆಕೈತಿ.”

ಮೊಳಕಾಲಿನ ಮೇಲಿನ ಬಟ್ಟೆ ವಿದ್ಯಾಳ ಕಣ್ಣಿಗೆ ಬಿದ್ದಿತ್ತು. ಅಲ್ಲಿ ಕುರ್ಚಿ ಇರುವುದಿಲ್ಲ ಎಂಬ ಮಾತು ಬಾಯಿಗೂ ಬಂದಿತ್ತು. ಹೇಳಿದರೆ ಬರಲಿಕ್ಕಿಲ್ಲ ಎನಿಸಿ ನುಂಗಿಕೊಂಡಳು. ಮೀಟಿಂಗ್ ಸಣ್ಣದು, ಅಷ್ಟೊತ್ತು ನಿಂತರೆ ಏನಾಗುತ್ತದೆ?

ಆ ದಿನ ಪರಮೇಶಪ್ಪ ಮಡಿ ಧೋತರ ಉಟ್ಟು, ತಲೆಗೆ ಹೊಸ ರುಮಾಲು ಸುತ್ತಿ, ಕೈಯಲ್ಲಿ ಕೋಲು ಹಿಡಿದು ಹುಲಗೇಶನ ಬೈಕಿನ ಮೇಲೆ ಬಂದ. ಆಫೀಸಿನವರಿಗೆಲ್ಲ ಕೊಡಲು ಒಂದು ಚೀಲ ಎಳೆ ಸೌತೆಕಾಯಿ ತಂದಿದ್ದ. ಮೆಟ್ಟಿಲ ಕೆಳಗೆ ವಿದ್ಯಾ ಸಿಕ್ಕಳು. ಒಂದೇ ಉಸಿರಿಗೆ, “ಇಲ್ಲೆ ನನ್ನ ಹೆಸರ ಹಿಡದು ಕರೀಬ್ಯಾಡ ದೊಡ್ಡಪ್ಪಾ, ನಾನೂ ನಿನ್ನ ಹಂಗ ಕರಿಯೂದಿಲ್ಲ. ನಮ್ಮ ಸಂಬಂಧ ಯಾರಿಗೂ ಹೇಳಬ್ಯಾಡ,” ಎಂದು ಒಳಗೆ ಹೋದಳು. ಹುಲಗೇಶ ಅಪ್ಪನ ಮುಖ ನೋಡಿದ. “ಆಫೀಸಂದ್ರ ಹಂಗ ಇರತಾವೇಳು,” ಎಂದು ಪರಮೇಶಪ್ಪ ಮೆಟ್ಟಿಲು ಹತ್ತತೊಡಗಿದ. ಹತ್ತಲು ಬಹಳ ಹೊತ್ತು ಹಿಡಿಯಿತು.

ಕೋಣೆಯಲ್ಲಿ ಎಲ್ಲರೂ ದುಂಡಗೆ ನಿಂತಿದ್ದರು. ವೇದಾ ಮೇಡಂ ಒಂದು ಬದಿಗೆ, ಮೊಬೈಲ್ ಎತ್ತಿ ಹಿಡಿದು ವಿಡಿಯೊ ಮಾಡುತ್ತಿದ್ದರು. ಪರಮೇಶಪ್ಪ ಹೊಸ್ತಿಲು ದಾಟಿ ಎಲ್ಲರಿಗೂ ಕೈಮುಗಿದ. ಆಮೇಲೆ ಕೋಣೆಯ ನಾಲ್ಕೂ ಮೂಲೆಗೆ ಕಣ್ಣಾಡಿಸಿದ.

“ಎಲ್ಲೆ ಕುಂದರೂನ್ರಿ?” ಎಂದು ಕೇಳಿದ.

ಶ್ರೀರಾಮ ಸಾಹೇಬರು ಮೆಲ್ಲಗೆ ವಿದ್ಯಾಳ ಹತ್ತಿರ ಸರಿದರು.

“ಹಿರಿಯರಿಗೆ ಒಂದು ಕುರ್ಚಿ ತರಸೋಣಲ್ಲ ವಿದ್ಯಾ? ಕಾಲು ಭಾಳ ನೋವು ಅದ ಅನಸ್ತದ.”

ಅವರು ಕೇಳುವ ಮೊದಲೇ ವಸೀಮ ಗೋದಾಮಿನಿಂದ ಒಂದು ಸ್ಟೂಲು ಹಿಡಿದು ಬಾಗಿಲಿಗೆ ಬಂದಿದ್ದ. ವಿದ್ಯಾ ಸ್ಟೂಲು ನೋಡಿದಳು, ಮೇಡಂ ಕೈಯ ಮೊಬೈಲ್ ನೋಡಿದಳು. ದೊಡ್ಡಪ್ಪನನ್ನು ನೋಡಲಿಲ್ಲ.

“ಬ್ಯಾಡ್ರಿ ಸರ್,” ಎಂದಳು, ಎಲ್ಲರಿಗೂ ಕೇಳುವ ಹಾಗೆ. “ಒಬ್ಬರಿಗೆ ಹಾಕಿದ್ರ ಎಲ್ಲಾರಿಗೂ ಹಾಕಬೇಕಾಕೈತಿ. ನಮ್ಮಲ್ಲೆ ನಿಂತ ಮಾತಾಡೂ ಪದ್ಧತಿ. ವಸೀಮ ಅವರ, ಅದನ್ನ ಒಯ್ರಿ.”

ವಸೀಮ ಒಂದು ಗಳಿಗೆ ಹಾಗೆಯೇ ನಿಂತಿದ್ದು, ಸ್ಟೂಲನ್ನು ಎತ್ತಿಕೊಂಡು ಹೋದ. ಪರಮೇಶಪ್ಪ ಗೋಡೆಯ ಕಡೆ ಕೈ ಚಾಚಿದ. ಅಷ್ಟರಲ್ಲಿ ಅವನ ಕಣ್ಣು ನಸೀರಾಳ ಮೇಲೆ ಬಿತ್ತು. ಅಂಥ ಹೊಟ್ಟೆ ಹೊತ್ತುಕೊಂಡು ಆಕೆ ಗೋಡೆ ಬಿಟ್ಟು ನಿಂತಿದ್ದಳು. ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ, ಕೋಲನ್ನೇ ಎರಡೂ ಕೈಯಲ್ಲಿ ಹಿಡಿದ.

ಉಳಿದ ರೈತರು, ಸಂಬಂಧದ ಮಾತು ತೆಗೆಯಬೇಡಿ ಎಂದು ಅವರಿಗೂ ವಿದ್ಯಾ ಮೊದಲೇ ಹೇಳಿದ್ದಳು, ಒಬ್ಬೊಬ್ಬರಾಗಿ ಒಪ್ಪಿದರು. ಅವನ ಸರದಿ ಕೊನೆಗೆ ಬಂತು.

“ಪರಮೇಶಪ್ಪನವರ, ನಿಮ್ಮದು ಎರಡು ಮಾತಿನಾಗ ಹೇಳ್ರಿ.”

“ಹೇಳ್ತೇನ್ರಿ,” ಎಂದ ಪರಮೇಶಪ್ಪ. ಹಣೆಯ ಮೇಲೆ ಬೆವರು ಮೂಡಿತ್ತು. “ಆ ಬೀಜ ನಮ್ಮವ್ವ ತವರಮನಿಯಿಂದ ಉಡಿಯಾಗ ಕಟಿಗೊಂಡು ಬಂದಿದ್ಲು. ಅವತ್ತಿಂದ ಒಂದು ವರ್ಷ ಸೈತ...”

“ಆ ಕತಿ ಆಮ್ಯಾಲ ಕೇಳೂನ್ರಿ. ಹೂಂ ಅಂತೀರೊ, ಇಲ್ಲೊ? ಅಷ್ಟ ಹೇಳ್ರಿ.”

ಪರಮೇಶಪ್ಪ ಅವಳನ್ನೇ ನೋಡಿದ. ಅಪರಿಚಿತರನ್ನು ನೋಡುವ ಹಾಗೆ ಅಲ್ಲ, ತನಗೆ ಗೊತ್ತಿದ್ದವರೊಬ್ಬರನ್ನು ಆ ಮುಖದಲ್ಲಿ ಹುಡುಕುವ ಹಾಗೆ.

“ಹೂಂ,” ಎಂದ.

ಮೀಟಿಂಗ್ ಮುಗಿಯಿತು. ವೇದಾ ಮೇಡಂ ಮೊಬೈಲ್ ಕೆಳಗಿಳಿಸಿ ವಿದ್ಯಾಳ ಭುಜ ತಟ್ಟಿದರು. ಇಂಥ ಮೀಟಿಂಗನ್ನು ತಾವು ಹುಬ್ಬಳ್ಳಿಯಲ್ಲೂ ಕಂಡಿಲ್ಲ, ನಾಲ್ಕು ತಾಲೂಕಿನವರಿಗೂ ಇದನ್ನು ತೋರಿಸಬೇಕು, ಒಪ್ಪಿಗೆಯ ಕಾಗದಕ್ಕೆ ಆ ಮುದುಕನ ಸಹಿ ಬಿದ್ದರೆ ಕೋಆರ್ಡಿನೇಟರ್ ಜಾಗದ ಆರ್ಡರ್ ಕೊಟ್ಟ ಹಾಗೇ ಎಂದು ಹೇಳುತ್ತಿದ್ದರು. ಆಗ ಹೊರಗೆ ಏನೋ ಬಿದ್ದ ಸಪ್ಪಳವಾಯಿತು. ವಿದ್ಯಾ ಕಿಟಕಿಯಲ್ಲಿ ನೋಡಿದಳು. ಪರಮೇಶಪ್ಪ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ರುಮಾಲು ಬಿಚ್ಚಿಹೋಗಿತ್ತು, ಕಾಲು ಮಡಚಲಾಗದೆ ಹಾಗೆಯೇ ಸೆಟೆದುಕೊಂಡಿತ್ತು. ಯಾರಿಗೂ ಕೊಡದೆ ಉಳಿದ ಸೌತೆಕಾಯಿಗಳು ಅಂಗಳದ ತುಂಬ ಉರುಳಿದ್ದವು. ಕಸ ಗುಡಿಸುವ ಮರಿಯಮಬಿ ಪೊರಕೆ ಎಸೆದು ಓಡಿ ಬಂದಳು. ವಸೀಮ ಅವನನ್ನು ಮಗುವಿನ ಹಾಗೆ ಎರಡೂ ತೋಳಲ್ಲಿ ಎತ್ತಿದ. ಹುಲಗೇಶ ತಲೆಯೆತ್ತಿ ಕಿಟಕಿ ನೋಡಿದ. ಕಿಟಕಿಯಲ್ಲಿ ವಿದ್ಯಾ ಇದ್ದಳು.

ಮೇಡಂ ಮಾತು ಇನ್ನೂ ಮುಗಿದಿರಲಿಲ್ಲ. ನಡುವೆ ಹೋದರೆ ಚೆನ್ನಾಗಿ ಕಾಣುವುದಿಲ್ಲ. ಮುಗಿದ ಮೇಲೆ ಹೋಗೋಣ ಎಂದುಕೊಂಡು ವಿದ್ಯಾ ಕಿಟಕಿಗೆ ಬೆನ್ನು ಮಾಡಿ ತಲೆ ಆಡಿಸುತ್ತ ನಿಂತಳು. ಮುಗಿಯುವಷ್ಟರಲ್ಲಿ ವಸೀಮನ ಜೀಪು ಹೋಗಿಬಿಟ್ಟಿತ್ತು.

ಆಮೇಲಿನ ಭಾನುವಾರ ಆಕೆ ಊರಿಗೆ ಹೋಗಲಿಲ್ಲ. ಹುಲಗೇಶನಿಗೆ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಬುಧವಾರ ಕಾಗದ ಹಿಡಿದುಕೊಂಡು ವೇದಾ ಮೇಡಂ, ಶ್ರೀರಾಮ ಸಾಹೇಬರು, ವಿದ್ಯಾ ಮೂವರೂ ವಸೀಮನ ಜೀಪಿನಲ್ಲಿ ಮಾಸೂರಿಗೆ ಹೊರಟರು. ಬೈದರೆ ಬೈಸಿಕೊಳ್ಳೋಣ, ಬಾಗಿಲು ಹಾಕಿಕೊಂಡರೆ ಕಾಲು ಹಿಡಿಯೋಣ ಎಂದು ವಿದ್ಯಾ ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಯಾರಾಗಿದ್ದಳು. ಪಾಪ, ಬೈಗುಳಕ್ಕಷ್ಟೇ ತಯಾರಾಗಿದ್ದಳು.

ಬಾಗಿಲು ಹಾಕಿರಲಿಲ್ಲ. ಬರುವ ಸುದ್ದಿಯನ್ನು ವಸೀಮ ಮೊದಲೇ ಮುಟ್ಟಿಸಿದ್ದ. ಪಡಸಾಲೆಯನ್ನು ಸಾರಿಸಿ ಜಮಖಾನ ಹಾಸಿದ್ದರು. ನೆರೆಮನೆಯಿಂದ ತಂದ ಕುರ್ಚಿಗಳನ್ನು ಒರೆಸಿ ಇಟ್ಟಿದ್ದರು. ಪರಮೇಶಪ್ಪ ಹೊರಸಿನ ಮೇಲಿದ್ದ, ಕಾಲಿಗೆ ದವಾಖಾನೆಯ ಬಿಳಿ ಪಟ್ಟಿ.

“ಬರ್ರಿ ಬಾಯಾರ, ಕುಂದ್ರಿ. ಸಾಹೇಬರ, ಬರ್ರಿ, ಈ ಕುರ್ಚಿ ಮ್ಯಾಲ ಕುಂದ್ರಿ. ಬಾರಪಾ ವಸೀಮ, ನೀ ಇಲ್ಲೆ ನನ್ನ ಬಾಜೂಕ ಕುಂದ್ರು.”

ಎಲ್ಲರೂ ಕುಳಿತರು. ಹುಲಗೇಶ ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ತಂದ. ವಿದ್ಯಾ ಬಾಗಿಲ ಒಳಗೆ ನಿಂತೇ ಇದ್ದಳು. ಕಂಬದ ಬುಡ ನೋಡಿದಳು. ಅವಳ ಜಾಗದಲ್ಲಿ ಒಣಗಿದ ಬೆಂಡಿಕಾಯಿಗಳ ರಾಶಿ ಇತ್ತು. ಒಲೆಯ ಮೇಲಿನ ಗೊಂಚಲನ್ನು ಇಳಿಸಿ ಅಲ್ಲಿ ಸುರಿದಿದ್ದರು, ಈ ವರ್ಷ ಬಿತ್ತದ ಬೀಜ. ಅದರ ಪಕ್ಕದಲ್ಲಿ ಚೌಡವ್ವ ಕುಳಿತಿದ್ದಳು. ಅವಳ ಅಂಗೈ ಮಡಿಲಲ್ಲೇ ಇತ್ತು, ನೆಲ ಒರೆಸಲು ಏಳಲಿಲ್ಲ.

“ವಿದ್ಯಾ, ನೀವೂ ಕೂಡ್ರಿ,” ಎಂದರು ವೇದಾ ಮೇಡಂ.

“ಬ್ಯಾಡ್ರಿ ಬಾಯಾರ,” ಎಂದ ಪರಮೇಶಪ್ಪ, ಬಹಳ ಮರ್ಯಾದೆಯಿಂದ. “ಈ ಮೇಡಮ್ಮಾರದು ನಿಂತ ಮಾತಾಡೂ ಪದ್ಧತಿ ಐತಿ. ನಾವು ಅದನ್ನ ಕೆಡಸಬಾರದು.”

ಮೇಡಂಗೆ ನಗು ಬಂತು. “ಹಳ್ಳಿಯವರಿಗೂ ನಿಮ್ಮ ಶಿಸ್ತು ತಿಳದುಬಿಟ್ಟದ ನೋಡ್ರಿ,” ಎಂದು ವಿದ್ಯಾಳ ಕಡೆ ಮೆಚ್ಚಿ ನೋಡಿದರು. ಶ್ರೀರಾಮ ಸಾಹೇಬರು ಕೈಯಲ್ಲಿದ್ದ ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳದೆ ತಲೆ ತಗ್ಗಿಸಿದರು. ವಸೀಮ ನೆಲ ನೋಡಿದ.

ಕಾಗದ ಮುಂದಿಟ್ಟಾಗ ಪರಮೇಶಪ್ಪ ಒಂದು ಮಾತೂ ತಿರುಗಿ ಕೇಳಲಿಲ್ಲ. “ಕೊಟ್ಟ ಮಾತು ಕೊಟ್ಟೇನ್ರಿ,” ಎಂದು ಸಹಿ ಹಾಕಿದ. ಪೆನ್ನಿನ ಮುಚ್ಚಳ ಹಾಕಿ ವಿದ್ಯಾಳ ಕಡೆ ಚಾಚಿದ.

“ಆತಲ್ರಿ ಮೇಡಂ? ಮತ್ತೇನರ ಇದ್ರ ಎರಡು ಮಾತಿನಾಗ ಹೇಳ್ರಿ.”

ವಿದ್ಯಾ ಪೆನ್ನು ಹಿಡಿದಳು. ಜೊತೆಯವರು ಇರದಿದ್ದರೆ ಆ ಹೊರಸಿನ ಕೆಳಗೆ ಕುಸಿದು ಅಳುತ್ತಿದ್ದಳೇನೋ. ಆದರೆ ಜೊತೆಯವರು ಇದ್ದರು.

ವೇದಾ ಮೇಡಂ ಚಹಾ ಕುಡಿಯುತ್ತ, ಸುಮ್ಮನೆ ಮಾತಿಗೆ ಮಾತು ಎಂದು ಕೇಳಿದರು. “ಭಾಳ ಹಟದವರು ಅಂತ ಕೇಳಿದ್ದೆ ಯಜಮಾನ್ರ. ಈ ನಮ್ಮ ಹುಡುಗಿ ಹೆಂಗ ಒಪ್ಪಿಸಿದ್ಲು ನಿಮ್ಮನ್ನ? ಮೊದಲಿನಿಂದ ಪರಿಚಯ ಇತ್ತೇನು?”

ಪರಮೇಶಪ್ಪ ವಿದ್ಯಾಳ ಮುಖ ನೋಡುತ್ತ ಕಾದ. ಚೌಡವ್ವನೂ ತಲೆಯೆತ್ತಿದಳು. ‘ಇವರು ನಮ್ಮ ದೊಡ್ಡಪ್ಪ’ ಎಂದರೆ ಸಾಕಿತ್ತು. ಅವಳು ಅಂದಿದ್ದರೆ ಆ ಮುದುಕ ಅವತ್ತಿನದೆಲ್ಲವನ್ನೂ ಅಲ್ಲೇ ಮರೆಯುತ್ತಿದ್ದ, ಚೌಡವ್ವ ಬೆಂಡಿಕಾಯಿಗಳನ್ನು ಒಂದೇ ಕೈಯಲ್ಲಿ ಸರಿಸಿಬಿಡುತ್ತಿದ್ದಳು. ಅದು ವಿದ್ಯಾಳಿಗೆ ಚೆನ್ನಾಗಿ ಗೊತ್ತಿತ್ತು. ಫೋನಿನಲ್ಲಿ ತಾನು ಹೇಳಿದ ಸುಳ್ಳು, ತಿರುಗುವ ಕುರ್ಚಿ, ನಾಲ್ಕು ತಾಲೂಕು, ಅವೂ ಗೊತ್ತಿದ್ದವು. ಅವಳ ತುಟಿ ಬಿಗಿಯಿತು, ಕಣ್ಣು ಕಾಗದಕ್ಕೆ ಇಳಿಯಿತು.

“ಇಲ್ರಿ ಬಾಯಾರ,” ಎಂದ ಪರಮೇಶಪ್ಪ. “ಆಫೀಸಿನ್ಯಾಗ ನೋಡಿದ್ದ ಮೊದಲ.”

ಚೌಡವ್ವ ಕಂಬ ಹಿಡಿದು ಎದ್ದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಹೊರಡುವಾಗ ಹುಲಗೇಶ ಬಾಗಿಲವರೆಗೆ ಕಳಿಸಲು ಬಂದ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು, ಜುಟ್ಟು ಹಿಡಿದು ಜಗಳಾಡಿದವನು. ಮೇಡಂಗೆ, ಸಾಹೇಬರಿಗೆ ಕೈಮುಗಿದು, ಅವಳಿಗೂ ಅಷ್ಟೇ ಸರಿಯಾಗಿ ಕೈಮುಗಿದ.

“ಹೋಗಿ ಬರ್ರಿ ಮೇಡಂ. ಇನ್ನ ಏನರ ಕೆಲಸ ಇದ್ರ ಬರೂಕಿಂತ ಮೊದಲ ಫೋನ್ ಮಾಡ್ರಿ. ಮನ್ಯಾಗ ಮಂದಿ ಇರಬೇಕಲ್ರಿ.”

ವಸೀಮ ಜೀಪಿನ ಬಾಗಿಲು ತೆರೆದು ನಿಂತಿದ್ದ. ವೇದಾ ಮೇಡಂ ಹಿಂದಿನ ಸೀಟಿನಲ್ಲಿ ಕುಳಿತು, ಕಾಗದವನ್ನು ಚೀಲಕ್ಕೆ ಹಾಕಿ, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು.

“ಬರ್ರಿ, ಇಲ್ಲೆ ನನ್ನ ಬಾಜೂಕ ಕೂಡ್ರಿ. ಇನ್ನ ನೀವು ನಾಲ್ಕು ತಾಲೂಕಿನ ಕೋಆರ್ಡಿನೇಟರ್.”

ವಿದ್ಯಾ ಕುಳಿತಳು. ಅಷ್ಟೊತ್ತು ನಿಂತದ್ದಕ್ಕೆ ಅವಳ ಕಾಲು ನೋಯುತ್ತಿದ್ದವು.